ಉಡುಪಿ ಹೋಟೆಲಿಗೆ ಉಣಿಸಿದ ಊರುಗಳು

ಉಡುಪಿ ಹೋಟೆಲಿನ ಚರಿತ್ರೆ ಎಂದರೆ ಮಾಲೀಕರ ಚರಿತ್ರೆ ಎಂದೇ ನಾವು ಹೇಳಿಕೊಂಡು ಬಂದಿದ್ದೇವೆ. ಬರಿಗೈಯಲ್ಲಿ ಊರು ಬಿಟ್ಟ ಹುಡುಗ, ಲೋಟ ತೊಳೆದ ದಿನಗಳು, ಪಾಲುದಾರಿಕೆಯಲ್ಲಿ ಹಿಡಿದ ಮೊದಲ ಹೋಟೆಲು, ಮುಂದೆ ಊರಿನ ಶಾಲೆಗೂ ದೇವಸ್ಥಾನಕ್ಕೂ ಕೊಟ್ಟ ದೇಣಿಗೆ. ಈ ಕತೆ ಸುಳ್ಳಲ್ಲ, ಹೆಮ್ಮೆಪಡಬೇಕಾದದ್ದೇ. ಆದರೆ ಆ ಹುಡುಗನ ನಾಲಗೆಗೆ ರುಚಿ ಯಾವುದು, ಹದ ಯಾವುದು ಎಂದು ಕಲಿಸಿ ಕಳಿಸಿದ ಊರುಗಳ ಕತೆಯನ್ನು ನಾವು ಅಷ್ಟು ಶ್ರದ್ಧೆಯಿಂದ ಬರೆದಿಲ್ಲ. ಗುಳ್ಳ ಬದನೆ ಬೆಳೆದವರು, ಗಾಣದಲ್ಲಿ ಎಣ್ಣೆ ತೆಗೆದವರು, ಮುಂಡೇವಿನ ಓಲೆಯಲ್ಲಿ ಮೂಡೆ ಕಟ್ಟಿದವರು, ಮಠದ ಒಲೆಯ ಮುಂದೆ ಆಯುಷ್ಯ ಕಳೆದ ಅಡುಗೆ ಭಟ್ಟರು ಎಲ್ಲರೂ ಈ ಉದ್ಯಮದ ಪಾಲುದಾರರೇ. ಹೋಟೆಲು ಬಾಂಧವರ ಈ ಸ್ಮರಣ ಸಂಚಿಕೆಯಲ್ಲಿ ಅವರ ಪಾಲೂ ದಾಖಲಾಗಲಿ ಎಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ಮಠದ ಒಲೆಯ ಶಿಸ್ತು

ಉಡುಪಿಯ ಕೃಷ್ಣನಿಗೆ ಅನ್ನಬ್ರಹ್ಮನೆಂಬ ಹೆಸರು. ಅಷ್ಟಮಠಗಳ ಯತಿಗಳು ಎರಡೆರಡು ವರ್ಷ ಸರದಿಯಂತೆ ಪೂಜೆಯ ಅಧಿಕಾರ ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ವಾದಿರಾಜರ ಕಾಲದಿಂದ, ಅಂದರೆ 16ನೆಯ ಶತಮಾನದಿಂದ ನಡೆದು ಬಂದಿದೆ. ಪೂಜೆಯ ಜೊತೆಗೆ ಎರಡು ವರ್ಷದ ಅನ್ನದಾನದ ಹೊಣೆಯೂ ಆ ಮಠಕ್ಕೆ ಬರುತ್ತದೆ. ಹಾಗಾಗಿ ಪರ್ಯಾಯಕ್ಕೆ ಎಷ್ಟೋ ತಿಂಗಳು ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಎಲೆಗಾಗಿ ಬಾಳೆ ನೆಡುವುದು, ಅಕ್ಕಿ ಸಂಗ್ರಹಿಸುವುದು, ಸೌದೆಯನ್ನು ರಥದ ಆಕಾರದಲ್ಲಿ ಒಟ್ಟುವುದು, ಭತ್ತ ಕೂಡಿಡುವುದು. ಧಾರ್ಮಿಕ ವಿಧಿ ಎಂದು ನಾವು ಕೈಮುಗಿಯುವ ಈ ನಾಲ್ಕೂ ದೊಡ್ಡ ಅಡುಗೆಮನೆಯೊಂದರ ಮುಂದಾಲೋಚನೆಯೂ ಹೌದು. ಪರ್ಯಾಯ ಹತ್ತಿರ ಬಂದಂತೆ ಸುತ್ತಲ ಹಳ್ಳಿಗಳಿಂದ ಹೊರೆಕಾಣಿಕೆ ಬರುತ್ತದೆ: ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ. ಯಾವ ಊರಿನಲ್ಲಿ ಏನು ಚೆನ್ನಾಗಿ ಬೆಳೆಯುತ್ತದೆ ಎಂಬ ಅರಿವು ಈ ಕಾಣಿಕೆಯ ಮೆರವಣಿಗೆಯಲ್ಲಿ ತಲೆಮಾರುಗಳಿಂದ ಉಳಿದು ಬಂದಿದೆ.

ಮಠದ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗೆ ಜಾಗವಿಲ್ಲ. ಆಲೂಗಡ್ಡೆ, ಟೊಮೆಟೊದಂತಹ ಹೊರನಾಡಿನ ತರಕಾರಿಗಳಿಗೂ ಇಲ್ಲ. ಚಾತುರ್ಮಾಸ್ಯ ಬಂದರೆ ಕಟ್ಟುಪಾಡು ಇನ್ನೂ ಬಿಗಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ತೊಗರಿಬೇಳೆಯಿಲ್ಲದೆ ಸಾರು ಮಾಡು, ಆದರೂ ಉಂಡವರು ಇನ್ನೊಮ್ಮೆ ಕೇಳುವಂತಿರಲಿ ಎಂದರೆ ಭಟ್ಟರ ಕೈ ಪಳಗಲೇಬೇಕು. ಮಳೆಗಾಲದ ಕೆಸುವಿನೆಲೆ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಇಂಥವುಗಳಿಂದಲೇ ಎಲೆ ತುಂಬಿಸುವ ಜಾಣ್ಮೆ ಬೆಳೆದದ್ದು ಈ ಶಿಸ್ತಿನಲ್ಲಿ. ಮೆಣಸ್ಕಾಯಿ, ತಂಬುಳಿ, ಪತ್ರೊಡೆ, ಗಸಿ, ಕಡಲೆಬೇಳೆ ಬೆಲ್ಲದ ಹಯಗ್ರೀವ ಎಂದು ಅಡುಗೆಯ ಪಟ್ಟಿ ಉದ್ದವಾದದ್ದಕ್ಕೆ ಸಮೃದ್ಧಿಯಷ್ಟೇ ನಿರ್ಬಂಧವೂ ಕಾರಣ.

ಘಟ್ಟ ಹತ್ತಿದವರು, ಹಡಗು ಏರಿದವರು

20ನೆಯ ಶತಮಾನದ ಮೊದಲ ದಶಕಗಳಲ್ಲಿ ಉಡುಪಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಗದ್ದೆ ಪಾಲಾಗುತ್ತಾ ಸಣ್ಣದಾಯಿತು, ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಿತು. ಅಕ್ಷರ ಕಲಿತರೂ ಊರಲ್ಲಿ ಕೆಲಸವಿರಲಿಲ್ಲ. ಗೊತ್ತಿದ್ದ ವಿದ್ಯೆ ಅಡುಗೆ. ಪ್ರಾಂತ್ಯದ ರಾಜಧಾನಿಯಾದ ಮದರಾಸಿಗೆ ಕೆಲವರು, ಆಗುಂಬೆ ಘಾಟಿ ಹತ್ತಿ ಮೈಸೂರು ಸೀಮೆಗೆ ಕೆಲವರು, ಹಡಗು ಏರಿ ಮುಂಬಯಿಗೆ ಕೆಲವರು ಹೊರಟರು. ಕೊಂಕಣ ರೈಲು 1993ರಲ್ಲಿ ಬರುವವರೆಗೆ ಉಡುಪಿಗೆ ರೈಲೇ ಇರಲಿಲ್ಲ ಎಂಬುದನ್ನು ನೆನೆದರೆ ಆ ಪಯಣಗಳ ಕಷ್ಟ ಅರ್ಥವಾದೀತು.

ಕೋಟ ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ಚಿಕ್ಕಪುಟ್ಟ ಕೆಲಸಗಳಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಅವರ ಡ್ರೈವ್ ಇನ್ ಹೋಟೆಲು ಅದೇ ನಗರದಲ್ಲಿ ಬಾಗಿಲು ತೆರೆಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ. ಮರುವರ್ಷ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಸಾಲಿಗ್ರಾಮದ ಉರಾಳರು ವಿದ್ಯಾರ್ಥಿ ಭವನ ತೆರೆದರು. 1974ರ ಭೂಸುಧಾರಣೆಯ ನಂತರ ಇನ್ನೊಂದು ದೊಡ್ಡ ಅಲೆ ಊರು ಬಿಟ್ಟಿತು. ಮುಂಬಯಿಯಲ್ಲಿ ಬಂಟರು, ಬಿಲ್ಲವರು, ಕೊಂಕಣಿಗರು ಕಟ್ಟಿದ ಉಡುಪಿ ಹೋಟೆಲುಗಳು ಆ ನಗರದ ನಿತ್ಯದ ಬದುಕಿನ ಭಾಗವಾದವು. ಹಗಲು ಮೇಜು ಒರೆಸಿದ ಹುಡುಗರು ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ವಕೀಲರಾದರು, ಉಪಾಧ್ಯಾಯರಾದರು, ಹೋಟೆಲಿನ ಮಾಲೀಕರೂ ಆದರು.

ಹೊರಟವರು ಊರಿನ ತೆಂಗಿನ ತೋಟವನ್ನಾಗಲಿ ಕುಚ್ಚಲಕ್ಕಿಯ ಗದ್ದೆಯನ್ನಾಗಲಿ ಜೊತೆಗೆ ಕೊಂಡೊಯ್ಯುವಂತಿರಲಿಲ್ಲ. ಹೋದಲ್ಲಿ ಸಿಕ್ಕಿದ್ದನ್ನೇ ಹದಕ್ಕೆ ತಂದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ಎಂಟಿಆರ್ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ಅಕ್ಕಿ ಇಲ್ಲದಾಗ ರವೆ ಹಿಡಿಯುವ ಧೈರ್ಯ ಬಂದದ್ದು, ಬೇಳೆ ಇಲ್ಲದಾಗಲೂ ಸಾರು ಮಾಡಿ ಗೊತ್ತಿದ್ದ ಪರಂಪರೆಯಿಂದ ಎಂದೇ ನನ್ನ ನಂಬಿಕೆ. ಜಗತ್ತು ಉಡುಪಿಯದೆಂದು ಮೆಚ್ಚುವ ಮಸಾಲೆ ದೋಸೆಯ ಹೊಟ್ಟೆಯಲ್ಲಿರುವ ಆಲೂಗಡ್ಡೆ ಈರುಳ್ಳಿ ಪಲ್ಯ ಮಠದ ಒಲೆ ಹತ್ತಿದ್ದಲ್ಲ. ಅದು ಹೋಟೆಲಿನವರದೇ ಸೃಷ್ಟಿ. ಅವರು ನಿಜವಾಗಿ ಊರಿನಿಂದ ಒಯ್ದದ್ದು ಹಿಟ್ಟು ಹುಳಿಯುವ ಹೊತ್ತಿನ ಲೆಕ್ಕ, ಅಂದಂದಿನ ಚಟ್ನಿ ಅಂದಂದೇ ಅರೆಯಬೇಕೆಂಬ ಹಟ, ಪಾತ್ರೆಯ ಶುಚಿ ಮತ್ತು ಉಣ್ಣುವವನ ಎಲೆ ಬರಿದಾಗದಂತೆ ನೋಡುವ ಕಣ್ಣು.

ಬದಲಾದ ಪಂಕ್ತಿ

ಚರಿತ್ರೆ ಬರೆಯುವಾಗ ನೋವಿನ ಪುಟವನ್ನು ಬಿಡಬಾರದು. ಆರಂಭದ ಅನೇಕ ಹೋಟೆಲುಗಳ ಬೋರ್ಡಿನಲ್ಲೇ ಬ್ರಾಹ್ಮಣರ ಹೋಟೆಲು ಎಂದಿರುತ್ತಿತ್ತು. ಒಳಗೆ ಕೂರುವ ಜಾಗವೂ ಜಾತಿ ನೋಡಿ ಬೇರೆಯಾಗುತ್ತಿತ್ತು. 1957ರಲ್ಲಿ ಮದರಾಸಿನಲ್ಲಿ ಪೆರಿಯಾರ್ ಇಂಥ ಬೋರ್ಡುಗಳ ವಿರುದ್ಧ ಚಳವಳಿಯನ್ನೇ ಹೂಡಿದರು. ಸ್ವಾತಂತ್ರ್ಯಾನಂತರದ ಕಾನೂನು, ಚಳವಳಿ, ನಗರದ ಬದುಕಿನ ಒತ್ತಡ ಎಲ್ಲವೂ ಸೇರಿ ಆ ಗೋಡೆಗಳನ್ನು ಕೆಡವಿದವು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯಿಂದ ಆರಂಭಿಸಿದ ನಿಂತು ತಿನ್ನುವ ಪದ್ಧತಿಯಲ್ಲಂತೂ ಆಟೋ ಓಡಿಸುವವರೂ ಅಧಿಕಾರಿಗಳೂ ಒಂದೇ ಕಲ್ಲಿನ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡರು. ಯಾರೇ ಬಂದು ಪಕ್ಕದಲ್ಲಿ ಕೂತು ಉಣ್ಣಬಹುದಾದ ಜಾಗವಾದ ಮೇಲೆಯೇ ಉಡುಪಿ ಹೋಟೆಲು ಎಲ್ಲರದಾದದ್ದು.

ಮಟ್ಟುವಿನ ಗದ್ದೆಯಲ್ಲಿ

ಈಗ ಊರಿಗೆ ಮರಳೋಣ. ಕಟಪಾಡಿಯಿಂದ ಪಡುವಣಕ್ಕೆ, ಹೊಳೆಗೂ ಕಡಲಿಗೂ ನಡುವೆ ಮಟ್ಟು ಎಂಬ ಪುಟ್ಟ ಊರಿದೆ. ಭತ್ತದ ಕೊಯ್ಲು ಮುಗಿದ ಮೇಲೆ ಅಲ್ಲಿನ ಮರಳು ಮಣ್ಣಿನಲ್ಲಿ ಬೆಳೆಯುವುದೇ ಮಟ್ಟುಗುಳ್ಳ. ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರೆಂದು ಐತಿಹ್ಯ. ಅದಕ್ಕೇ ಸೋದೆ ಮಠದ ಪರ್ಯಾಯಕ್ಕೆ ಮಟ್ಟುವಿನವರು ಗುಳ್ಳದ ಹೊರೆಕಾಣಿಕೆಯನ್ನು ಭಕ್ತಿಯಿಂದ ಹೊತ್ತು ಬರುತ್ತಾರೆ. ಉರುಟಾದ ಕಾಯಿ, ತಿಳಿಹಸುರು ಮೈ, ಮೇಲೆ ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು, ತೆಳ್ಳನೆಯ ಸಿಪ್ಪೆ. ಒಳ್ಳೆಯ ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಮುಂದಿನ ವರ್ಷದ ಬೀಜ ಮಾಡುವುದು ಬೆಳೆಗಾರರ ಮನೆಯ ರೂಢಿ.

ಗುಳ್ಳದ ಹುಳಿ ಮಾಡುವುದನ್ನು ಒಲೆಯ ಪಕ್ಕ ನಿಂತು ನೋಡಬೇಕು. ಕಾಯನ್ನು ದೊಡ್ಡ ಹೋಳು ಮಾಡಿ ಕೂಡಲೇ ನೀರಿಗೆ ಹಾಕುತ್ತಾರೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ತೆಂಗಿನೆಣ್ಣೆಯಲ್ಲಿ ಕೊತ್ತಂಬರಿ, ಸ್ವಲ್ಪ ಉದ್ದಿನಬೇಳೆ, ನಾಲ್ಕು ಕಾಳು ಮೆಂತೆ, ಇಂಗು, ಬ್ಯಾಡಗಿ ಮೆಣಸು ಹುರಿದು ಹಸಿ ತೆಂಗಿನತುರಿಯೊಂದಿಗೆ ನುಣ್ಣಗೆ ಅರೆಯುತ್ತಾರೆ. ಹುಣಸೆಹುಳಿ, ಬೆಲ್ಲ, ಉಪ್ಪು, ಅರಿಶಿನ ಬಿದ್ದ ನೀರಿನಲ್ಲಿ ಹೋಳು ಬೇಯಲು ಹೆಚ್ಚು ಹೊತ್ತು ಬೇಡ. ತಿರುಳು ಬೆಣ್ಣೆಯಂತಾದರೂ ಸಿಪ್ಪೆ ಹೋಳನ್ನು ಹಿಡಿದಿರಬೇಕು, ಸೌಟು ಆಡಿಸಿದರೆ ಕರಗಬಾರದು. ಆಗ ಬೆಂದ ತೊಗರಿಬೇಳೆ, ಅರೆದ ಮಸಾಲೆ ಸೇರಿಸಿ ಒಂದು ಕುದಿ, ಕೊನೆಗೆ ಸಾಸಿವೆ ಕರಿಬೇವಿನ ಒಗ್ಗರಣೆ. ಬೇರೆ ಬದನೆಯಲ್ಲಿ ಮಾಡಿದರೆ ಹುಳಿಯೇನೋ ಆಗುತ್ತದೆ, ಈ ಹದ ಸಿಗುವುದಿಲ್ಲ. ಇದೇ ಹುಳಿಯ ಕೆಂಬಣ್ಣಕ್ಕೆ ಘಟ್ಟದ ಮೇಲಿನ ಹಾವೇರಿ ಸೀಮೆಯ ಬ್ಯಾಡಗಿ ಮೆಣಸೇ ಬೇಕು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಅದರ ಗುಣ. ಕರಾವಳಿಯ ಒಂದು ಬಟ್ಟಲು ಹುಳಿಯಲ್ಲಿ ಬಯಲುಸೀಮೆಯ ರೈತನ ಬೆವರೂ ಇದೆ.

ಈ ಗುಳ್ಳಕ್ಕೆ ಒಂದು ಗಂಡಾಂತರವೂ ಬಂದಿತ್ತು. ಬಿಟಿ ಬದನೆಯ ಚರ್ಚೆ ಕಾವೇರಿದಾಗ, ಕುಲಾಂತರಿ ಮಾಡಲು ಆಯ್ದ ನಮ್ಮ ನಾಡಿನ ಬದನೆ ತಳಿಗಳಲ್ಲಿ ಉಡುಪಿಯದೂ ಇದೆಯೆಂದು ತಿಳಿದು ಕರಾವಳಿಯ ರೈತರೂ ಪರಿಸರಪ್ರೇಮಿಗಳೂ ದನಿಯೆತ್ತಿದರು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಮರುವರ್ಷ ಉಡುಪಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು, ಬ್ಯಾಡಗಿ ಮೆಣಸಿಗೂ ಅದೇ ವರ್ಷ. ಆದರೆ ಮಾನ್ಯತೆಯ ಪತ್ರ ಬೆಳೆಯನ್ನು ಉಳಿಸುವುದಿಲ್ಲ. ಕೊಳ್ಳುವವರು ಇದ್ದರೆ ಮಾತ್ರ ಬೆಳೆ ಉಳಿಯುತ್ತದೆ, ಮತ್ತು ದೊಡ್ಡ ಪ್ರಮಾಣದಲ್ಲಿ ಕೊಳ್ಳಬಲ್ಲವರು ಹೋಟೆಲಿನವರು.

ಸಣ್ಣ ಊರಿನ ಹೋಟೆಲುಗಳು

ಊರಿಗೂ ಒಲೆಗೂ ಇರುವ ನಂಟು ಇವತ್ತಿಗೂ ಕಣ್ಣಿಗೆ ಕಾಣುವುದು ಸಣ್ಣ ಊರಿನ ಹೋಟೆಲುಗಳಲ್ಲಿ. ಉಡುಪಿ ರಥಬೀದಿಯ ಮಿತ್ರ ಸಮಾಜದಲ್ಲಿ ದೇವರ ದರ್ಶನ ಮುಗಿಸಿದ ಯಾತ್ರಿಕರೂ ಅಂಗಡಿ ಬಾಗಿಲು ತೆರೆಯುವ ಮುನ್ನ ಬರುವ ಊರವರೂ ಒಂದೇ ಮೇಜಿಗೆ ಕೂರುತ್ತಾರೆ. ಸಾಲಿಗ್ರಾಮ, ಬ್ರಹ್ಮಾವರ, ಕಾರ್ಕಳ, ಕಾಪು ಎಲ್ಲೇ ಹೋಗಿ, ಬೆಳಗ್ಗೆ ಬನ್ಸು, ಅವಲಕ್ಕಿಗೆ ಸಜ್ಜಿಗೆ, ಸಂಜೆ ಗೋಳಿಬಜೆ. ಬನ್ಸಿನ ಹಿಟ್ಟಿಗೆ ತೀರಾ ಹಣ್ಣಾದ ಬಾಳೆಹಣ್ಣು ಬೇಕು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಹಣ್ಣಿಗೆ ಹೋಟೆಲು ಹೀಗೆ ಬೆಲೆ ತರುತ್ತದೆ. ಕುಂದಾಪುರದತ್ತ ಹೋದರೆ ನೀರುದೋಸೆ, ಕೋಳಿ ಸುಕ್ಕ, ಮೀನಿನ ಊಟ. ಶೆಟ್ಟಿ ಲಂಚ್ ಹೋಮ್ ಹೆಸರಿನೊಂದಿಗೇ ಬೆರೆತುಹೋದ ಘೀ ರೋಸ್ಟ್ ಕೂಡ ಅಲ್ಲಿಯದೇ ಕೊಡುಗೆ. ಕರಾವಳಿಯ ಊಟವೆಂದರೆ ಸಸ್ಯಾಹಾರವಷ್ಟೇ ಎಂಬ ಭಾವನೆ ಆ ದಾರಿಯಲ್ಲಿ ಉಳಿಯುವುದಿಲ್ಲ.

ಅಷ್ಟಮಿ, ಚೌತಿ ಬಂತೆಂದರೆ ಮೂಡೆ. ಮುಂಡೇವಿನ ಓಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ ಮೆತ್ತಗೆ ಮಾಡಿ, ಸುತ್ತಿ ಕೊಳವೆಯಾಗಿ ಹೆಣೆದು ಕಡ್ಡಿ ಚುಚ್ಚುತ್ತಾರೆ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಓಲೆಯ ಪರಿಮಳ ಕಡುಬಿಗೆ ಇಳಿಯುತ್ತದೆ. ಹಲಸಿನ ನಾಲ್ಕು ಎಲೆ ಸೇರಿಸಿ ಕಟ್ಟಿದರೆ ಕೊಟ್ಟೆ. ಹಬ್ಬದ ಮುನ್ನಾದಿನ ಇವನ್ನು ಕಟ್ಟಿ ಪೇಟೆಗೆ ತಂದು ಮಾರುವ ಹೆಂಗಸರ ಕೈಯಲ್ಲಿ ಒಂದು ಸಂಪೂರ್ಣ ಕಸುಬಿದೆ. ಸ್ಟೀಲು ತಟ್ಟೆಯ ಇಡ್ಲಿ ವರ್ಷವಿಡೀ ಸಿಗುತ್ತದೆ, ಮೂಡೆ ಕಟ್ಟುವ ಕೈ ಹಾಗೆ ಸಿಗುವುದಿಲ್ಲ. ಅವರಿಂದ ವಾರಕ್ಕೊಮ್ಮೆಯಾದರೂ ಕೊಂಡು ಗಿರಾಕಿಗೆ ಬಡಿಸುವ ಹೋಟೆಲು ಆ ಕಸುಬಿಗೆ ಹಬ್ಬದಾಚೆಗೂ ದುಡಿಮೆ ಕೊಡುತ್ತದೆ.

ನಮ್ಮ ಕೈಯಲ್ಲಿರುವುದು

ಹೋಟೆಲು ನಡೆಸುವುದರ ಕಷ್ಟ ನಮಗೆಲ್ಲ ಗೊತ್ತು. ಕೆಲಸಕ್ಕೆ ಜನ ಸಿಗುವುದಿಲ್ಲ, ತೆಂಗಿನಕಾಯಿಯ ದರ ಒಂದೇ ಸಮ ಇರುವುದಿಲ್ಲ, ಗಿರಾಕಿಗೆ ದರ ಏರಿಸಿದರೆ ಸಿಟ್ಟು. ಅದರ ನಡುವೆಯೂ ಕೆಲವು ಕೆಲಸ ನಮ್ಮಿಂದ ಆಗುವಂಥವು. ಗುಳ್ಳದ ಕಾಲದಲ್ಲಿ ಮಟ್ಟುವಿನ ಬೆಳೆಗಾರರಿಂದ ನೇರವಾಗಿ ಕೊಂಡು, ಇಂದಿನ ಹುಳಿ ಮಟ್ಟುಗುಳ್ಳದ್ದು ಎಂದು ಬೋರ್ಡಿನಲ್ಲಿ ಬರೆಯೋಣ. ಊರಿನ ಗಾಣದ ಎಣ್ಣೆಯನ್ನು ಒಗ್ಗರಣೆಗಾದರೂ ಬಳಸೋಣ. ಮಳೆಗಾಲದಲ್ಲಿ ಪತ್ರೊಡೆಯನ್ನೂ ಬೇಸಗೆಯಲ್ಲಿ ಮಾವಿನ ಮೆಣಸ್ಕಾಯಿಯನ್ನೂ ಪಟ್ಟಿಗೆ ಸೇರಿಸಿ ಗಿರಾಕಿಗಳಿಗೆ ಋತುವಿನ ರುಚಿ ಹಿಡಿಸೋಣ. ವಯಸ್ಸಾದ ಅಡುಗೆ ಭಟ್ಟರನ್ನು ಕೂರಿಸಿ ಅವರ ಅಳತೆ, ಕ್ರಮಗಳನ್ನು ಬರೆದಿಟ್ಟುಕೊಳ್ಳೋಣ. ಇವೆಲ್ಲ ದಾನಧರ್ಮವಲ್ಲ, ಹೋಟೆಲಿಗೇ ಲಾಭ. ಎಲ್ಲೆಡೆ ಒಂದೇ ರುಚಿಯ ಪೊಟ್ಟಣದ ಮಸಾಲೆ ಸಿಗುವ ಕಾಲದಲ್ಲಿ ಗಿರಾಕಿ ದೂರದಿಂದ ಹುಡುಕಿ ಬರುವುದು ಬೇರೆಲ್ಲೂ ಸಿಗದ ರುಚಿಗೆ.

ಇನ್ನೊಂದು ಕೋರಿಕೆ. ಮುಂದಿನ ಸ್ಮರಣ ಸಂಚಿಕೆ ಹೊರತರುವಾಗ ಮಾಲೀಕರ ಭಾವಚಿತ್ರಗಳ ಜೊತೆಗೆ ನಮಗೆ ತರಕಾರಿ ಬೆಳೆದುಕೊಟ್ಟವರಿಗೆ, ಮೂಡೆ ಕಟ್ಟಿದವರಿಗೆ, ಒಲೆಯ ಮುಂದೆ ದುಡಿದವರಿಗೆ ಪುಟಗಳನ್ನು ಮೀಸಲಿಡೋಣ. ಅವರ ಮಾತನ್ನು ಅವರಿಂದಲೇ ಕೇಳಿ ಬರೆಯುವ ಕೆಲಸವನ್ನು ಈ ವರ್ಷವೇ ಶುರುಮಾಡಬೇಕು. ಅನುಭವವಿರುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ.