ಹೆಸರಿಲ್ಲದ ಕಂಠಗಳು

ಎಂಜಿಎಂ ಸ್ಟುಡಿಯೊದ ‘ಸಿಂಗಿನ್ ಇನ್ ದ ರೇನ್’ (1952) ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಕೊಡೆ ಮಡಿಸಿ ಮಳೆಯಲ್ಲಿ ಕುಣಿಯುವ ಜೀನ್ ಕೆಲ್ಲಿ ಅವರಿಗೆ ಆಗ 103 ಡಿಗ್ರಿ ಜ್ವರವಿತ್ತಂತೆ. ತೆರೆಯ ಮೇಲೆ ಹುಡುಕಿದರೂ ದಣಿವಿನ ಸುಳಿವಿಲ್ಲ. ಹಾಲಿವುಡ್‌ನ ಹಳೆಯ ಸಂಗೀತಚಿತ್ರಗಳ ಸೊಗಸೇ ಅದು: ಬೆವರೆಲ್ಲ ಸೆಟ್ಟಿನಲ್ಲೇ ಉಳಿದು, ನಮಗೆ ಸಿಗುವುದು ಬರೀ ಉಲ್ಲಾಸ. ಅದೇ ಚಿತ್ರ ನನ್ನನ್ನು ಚುಚ್ಚುವುದೂ ಉಂಟು.

ಕಥೆ ನಡೆಯುವುದು 1927ರಲ್ಲಿ, ಮೂಕಿಚಿತ್ರಕ್ಕೆ ಮಾತು ಬಂದ ಹೊಸತರಲ್ಲಿ. ಕೀರಲು ದನಿಯ ತಾರೆಯೊಬ್ಬಳಿಗೆ ಕ್ಯಾಥಿ ಎಂಬ ಹುಡುಗಿ ಮರೆಯಲ್ಲಿ ನಿಂತು ಹಾಡುತ್ತಾಳೆ. ಕೊನೆಗೆ ಪರದೆ ಸರಿದು ಗುಟ್ಟು ರಟ್ಟಾಗುತ್ತದೆ. ಆದರೆ ಕ್ಯಾಥಿಯಾಗಿ ನಟಿಸಿದ ಡೆಬ್ಬಿ ರೆನಾಲ್ಡ್ಸ್ ತಾರೆಗಾಗಿ ಹಾಡುವಂತೆ ತೋರಿಸಿದ ‘ವುಡ್ ಯು’ ಹಾಡಿನಲ್ಲಿ ಕೇಳಿಸುವುದು ಬೆಟ್ಟಿ ನಾಯ್ಸ್ ಅವರ ಕಂಠ. ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿಲ್ಲ.

ನಾನು ಬೆಂಗಳೂರಿನ ಸ್ಟುಡಿಯೊಗಳಲ್ಲಿ ವರ್ಷಗಟ್ಟಲೆ ಟ್ರ್ಯಾಕ್ ಹಾಡಿದವಳು. ಹೆಸರಾಂತ ಗಾಯಕಿಗೆ ಬಿಡುವು ಸಿಗುವ ತನಕ ಹಾಡನ್ನು ಹಿಡಿದಿಡುವ ಕೆಲಸ. ಅವರು ಹೆಡ್‌ಫೋನಿನಲ್ಲಿ ನನ್ನ ದನಿ ಕೇಳಿ, ಕಲಿತು, ಹಾಡಿದ ಮೇಲೆ ನನ್ನದನ್ನು ಅಳಿಸುತ್ತಾರೆ. ಹಾಲಿವುಡ್ ತಾರೆಯರಿಗೆ ಮರೆಯಲ್ಲಿ ನಿಂತು ಹಾಡಿದ ಮಾರ್ನಿ ನಿಕ್ಸನ್ (1930–2016) ನನ್ನವರು ಅನ್ನಿಸುವುದು ಅದಕ್ಕೇ.

ಹಾಡನ್ನು ಮೊದಲು ಮುದ್ರಿಸಿ, ಸೆಟ್ಟಿನಲ್ಲಿ ಅದಕ್ಕೆ ತುಟಿಯಾಡಿಸುವ ರೂಢಿ ಅಲ್ಲೂ ಬೇಗನೆ ನೆಲೆಗೊಂಡಿತ್ತು. ‘ದ ಕಿಂಗ್ ಅಂಡ್ ಐ’ (1956) ಚಿತ್ರಕ್ಕೆ ನಿಕ್ಸನ್ ನಟಿ ಡೆಬೊರಾ ಕೆರ್ ಅವರ ಪಕ್ಕದಲ್ಲೇ ನಿಂತು ಅಭ್ಯಾಸ ಮಾಡಿದರು. ಕೆರ್ ಎಲ್ಲಿ ಉಸಿರೆಳೆಯುತ್ತಾರೆ, ಯಾವ ಅಕ್ಷರಕ್ಕೆ ಬಾಯಿ ಹೇಗೆ ತೆರೆಯುತ್ತಾರೆ ಎಂದು ನೋಡಿ ನೋಡಿ ಅದನ್ನೇ ತಮ್ಮ ಗಂಟಲಿಗೆ ತಂದುಕೊಂಡರು. ಬಾಯಿಬಿಟ್ಟರೆ ಹಾಲಿವುಡ್‌ನಲ್ಲಿ ಮುಂದೆ ಕೆಲಸ ಸಿಗದು ಎಂದು ಸ್ಟುಡಿಯೊದವರು ಬೆದರಿಸಿದ್ದರೆಂದು ನಿಕ್ಸನ್ ಮುಂದೆ ಹೇಳಿಕೊಂಡರು. ನಿಜ ಹೊರಗೆಡಹಿದವರು ಸ್ವತಃ ಕೆರ್; ದೊಡ್ಡ ಮನಸ್ಸು ಅದು.

‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ (1961) ಆದದ್ದು ಇನ್ನೂ ಕೆಟ್ಟದ್ದು. ತಮ್ಮ ದನಿಯೇ ಚಿತ್ರದಲ್ಲಿರುತ್ತದೆಂದು ನಟಾಲಿ ವುಡ್ ಅವರನ್ನು ನಂಬಿಸಿ, ಕೊನೆಗೆ ನಿಕ್ಸನ್ ಕಂಠ ಕೂರಿಸಿದರು. ಇಬ್ಬರಿಗೂ ಮೋಸ. ಧ್ವನಿಮುದ್ರಿಕೆಯ ರಾಯಧನದಲ್ಲಿ ಪಾಲು ಕೇಳಿದ ನಿಕ್ಸನ್‌ಗೆ ಸಂಗೀತ ಸಂಯೋಜಕ ಲಿಯೊನಾರ್ಡ್ ಬರ್ನ್‌ಸ್ಟೈನ್ ತಮ್ಮ ಪಾಲಿನಿಂದ ಶೇಕಡ 0.25ರಷ್ಟು ಬಿಟ್ಟುಕೊಟ್ಟರು. ನಮ್ಮಲ್ಲಿ ರಾಜಕುಮಾರ್ ಅವರ ಹಾಡುಗಳಿಗೆ ಪಿ.ಬಿ. ಶ್ರೀನಿವಾಸ್ ಕಂಠವೆಂದು ಹಳ್ಳಿಯ ಮಕ್ಕಳಿಗೂ ಗೊತ್ತಿತ್ತು; ಅದರಿಂದ ಅಣ್ಣಾವ್ರ ಮೇಲಿನ ಪ್ರೀತಿ ಕಿಂಚಿತ್ತೂ ತಗ್ಗಲಿಲ್ಲ. ಹಾಲಿವುಡ್ ತನ್ನ ಪ್ರೇಕ್ಷಕರನ್ನು ಅಷ್ಟೂ ನಂಬಲಿಲ್ಲ.

ಕಪ್ಪು ಕಲಾವಿದರ ಪಾಲಿಗೆ ಅನ್ಯಾಯ ಮುಖಕ್ಕೂ ಹಬ್ಬಿತ್ತು. ಲೀನಾ ಹಾರ್ನ್ ಅವರ ಹಾಡುಗಳನ್ನು ಕಥೆಗೆ ಅಂಟದಂತೆ ಬಿಡಿಯಾಗಿ ಚಿತ್ರೀಕರಿಸುತ್ತಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳ ಚಿತ್ರಮಂದಿರಗಳು ಸಲೀಸಾಗಿ ಕತ್ತರಿಸಲಿ ಎಂದು. 1951ರ ‘ಷೋ ಬೋಟ್’ನಲ್ಲಿ ಮಿಶ್ರ ಜನಾಂಗದ ಜೂಲಿಯ ಪಾತ್ರ ಹಾರ್ನ್‌ಗೆ ಸಿಗದೆ ಬಿಳಿಯ ನಟಿ ಆವಾ ಗಾರ್ಡ್ನರ್ ಪಾಲಾಯಿತು. ಚಿತ್ರದಲ್ಲಿ ಗಾರ್ಡ್ನರ್‌ಗೂ ಕಂಠ ಬೇರೆಯವರದು, ಆನೆಟ್ ವಾರನ್ ಅವರದು.

‘ಮೈ ಫೇರ್ ಲೇಡಿ’ಯಲ್ಲಿ (1964) ಆಡ್ರಿ ಹೆಪ್‌ಬರ್ನ್ ಸಿಟ್ಟಿನಿಂದ ಹಾಡುವ ‘ಜಸ್ಟ್ ಯು ವೇಟ್’ ಅನ್ನು ಕಿವಿಗೊಟ್ಟು ಕೇಳಿ. ಶುರುವಿನ ಒರಟು ದನಿ ಹೆಪ್‌ಬರ್ನ್ ಅವರದೇ. ನಡುವೆ ಸ್ವರ ಮೇಲೇರುವಲ್ಲಿ ನಿಕ್ಸನ್ ಬರುತ್ತಾರೆ. ಹೊಲಿಗೆ ತಿಳಿಯುತ್ತದೆ. ಹೆಪ್‌ಬರ್ನ್ ಹಾಡಿಟ್ಟಿದ್ದ ಕೆಲವು ಹಾಡುಗಳು ಅವರೇ ಹಾಡಿದಂತೆ ಈಗ ಕೇಳಸಿಗುತ್ತವೆ. ಕಂಠ ತೆಳು, ಮೇಲಿನ ಸ್ವರಗಳಲ್ಲಿ ಅಳುಕು. ಆದರೂ ಚಳಿಯಲ್ಲಿ ಹೂ ಮಾರುವ ಹುಡುಗಿ ಬೆಚ್ಚನೆಯ ಕೋಣೆ ಬಯಸುವ ಹಾಡಿಗೆ ಆ ಕಂಠವೇ ಸರಿ. ಶುದ್ಧ ಉಚ್ಚಾರ ಒಲಿದ ಇರುಳು ನಿದ್ದೆ ಬಾರದೆ ಹಾಡುವ ಹಾಡಿಗೆ ಮಾತ್ರ ನಿಕ್ಸನ್ ಬೇಕೇ ಬೇಕು. ಹಾಗೆ ಹಂಚಿ ಹಾಡಿಸಿ ಇಬ್ಬರ ಹೆಸರನ್ನೂ ಹಾಕಬಹುದಿತ್ತು.