ಕೊಕ್ಕರೆ ಬೆಳ್ಳೂರನ್ನು ‘ಕಂಡುಹಿಡಿದವರು’ ಯಾರು?

ಕೊಕ್ಕರೆ ಬೆಳ್ಳೂರಿಗೆ ನಾವು ಮೊದಲ ಸಲ ಹೋದಾಗ ಬಸ್ಸಿಳಿದ ಕೂಡಲೇ ಒಬ್ಬ ಹುಡುಗನನ್ನು ಕೇಳಿದೆವು, ‘ಪೆಲಿಕಾನ್ ಎಲ್ಲಿರ್ತವೆ?’ ಅಂತ. ಅವನು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ‘ಹೆಜ್ಜಾರ್ಲೆನಾ? ತಲೆ ಎತ್ತಿ ನೋಡಿ’ ಅಂದ. ನಾವು ನಿಂತಿದ್ದದ್ದೇ ಗೂಡು ತುಂಬಿದ ಹುಣಸೆಮರದ ಕೆಳಗೆ. ಅಷ್ಟರಲ್ಲಿ ನಮ್ಮಲ್ಲೊಬ್ಬರ ಅಂಗಿಯ ಮೇಲೆ ಹಿಕ್ಕೆಯೂ ಬಿದ್ದಾಗಿತ್ತು.

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟರೆ ಮದ್ದೂರಿಗೆ ಮೊದಲು ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಹೋದರೆ ಈ ಊರು. ಕಾಡಿಲ್ಲ, ಬೇಲಿಯಿಲ್ಲ. ಮನೆ, ಹಿತ್ತಲು, ಕೊಟ್ಟಿಗೆ, ಅವುಗಳ ನಡುವೆ ಹುಣಸೆ, ಅರಳಿ, ಅತ್ತಿ ಮರಗಳು. ಆ ಮರಗಳ ಮೇಲೆ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳ ಸಂಸಾರ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ. ಅಷ್ಟು ದೊಡ್ಡ ಹಕ್ಕಿ ಜನ ಓಡಾಡುವ ಬೀದಿಯ ಮೇಲೆಯೇ ಮರಿ ಮಾಡುತ್ತದೆ ಅನ್ನೋದೇ ಈ ಊರಿನ ವಿಶೇಷ.

ವಾಪಸ್ ಬಂದಮೇಲೆ ಈ ಊರಿನ ಬಗ್ಗೆ ಹಿಂದೆ ಯಾರು ಏನು ಬರೆದಿದ್ದಾರೆ ಅಂತ ಹುಡುಕಿದೆವು. 1977ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ಲೇಖನ ಸಿಕ್ಕಿತು. ಬರೆದವರು ಕರ್ನಾಟಕದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1976ರಲ್ಲಿ ಅವರು ಇಲ್ಲಿನ ಗೂಡುಗಳನ್ನು ನೋಡಿ ದಾಖಲಿಸಿದ್ದರು. ಲೇಖನದ ತಲೆಬರಹದಲ್ಲೇ ‘ಡಿಸ್ಕವರಿ’ ಅನ್ನೋ ಪದ ಇದೆ. ಅಂದರೆ ಶೋಧ, ಕಂಡುಹಿಡಿದದ್ದು.

ಆ ಪದ ನಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತು. ಊರಿನ ಜನ ತಲೆಮಾರುಗಳಿಂದ ಆ ಹಕ್ಕಿಗಳ ಕೆಳಗೇ ಬಾಳಿದ್ದಾರೆ. ಊರಿನ ಹೆಸರಿಗೇ ಕೊಕ್ಕರೆ ಸೇರಿಕೊಂಡಿದೆ. ಇನ್ನು ಕಂಡುಹಿಡಿಯೋದು ಏನು?

ಆದರೆ ಹಳೆಯ ಬರಹಗಳನ್ನು ಓದುತ್ತಾ ಹೋದಂತೆ ನಮ್ಮ ಸಿಟ್ಟು ಸ್ವಲ್ಪ ಇಳಿಯಿತು. ಟಿ.ಸಿ. ಜೆರ್ಡನ್ ಅನ್ನೋ ಇಂಗ್ಲಿಷ್ ವೈದ್ಯರು ಮದ್ರಾಸಿನ ಸೇನೆಯಲ್ಲಿದ್ದವರು, ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದವರು. 1864ರ ಸಂಪುಟದಲ್ಲಿ ಅವರು ‘ಕರ್ನಾಟಿಕ್’ ಸೀಮೆಯ ಒಂದು ಊರಿನ ಮಾತು ಹೇಳುತ್ತಾರೆ. ಅಲ್ಲಿ ಹೆಜ್ಜಾರ್ಲೆಗಳು ಊರ ನಡುವಿನ ಗಿಡ್ಡ ಮರಗಳ ಮೇಲೆ ಗೂಡು ಕಟ್ಟಿದ್ದವು, ಜನರಿಗೆ ಹೆದರುತ್ತಿರಲಿಲ್ಲ, ಬಹಳ ಕಾಲದಿಂದ ಹೀಗೇ ಅಂತ ಊರವರು ಹೇಳಿದರು ಅನ್ನುತ್ತಾರೆ. ಕರ್ನಾಟಿಕ್ ಅಂದರೆ ಇವತ್ತಿನ ನಮ್ಮ ರಾಜ್ಯ ಅಂದುಕೊಳ್ಳಬೇಡಿ. ಆಗಿನ ಇಂಗ್ಲಿಷರ ಬಾಯಲ್ಲಿ ಅದು ಘಟ್ಟದ ಕೆಳಗಿನ ತಮಿಳು, ತೆಲುಗು ಬಯಲುಸೀಮೆ. ಆದರೆ ಜೆರ್ಡನ್ ಆ ಊರಿನ ಹೆಸರನ್ನೇ ಬರೆಯಲಿಲ್ಲ! ಪತ್ರಿಕೋದ್ಯಮದ ಮೊದಲ ಪಾಠದಲ್ಲೇ ನಮಗೆ ಹೇಳಿಕೊಡೋದು, ಎಲ್ಲಿ ಅನ್ನೋದನ್ನು ಬಿಡಬೇಡಿ ಅಂತ.

ಬರೆದಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಬರ್ಮಾದಲ್ಲಿ ಒಂದು ಉದಾಹರಣೆಯಿದೆ. 1877ರಲ್ಲಿ ಯೂಜೀನ್ ಓಟ್ಸ್ ಅನ್ನುವವರು ಅಲ್ಲಿನ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಇದೇ ಜಾತಿಯ ಹೆಜ್ಜಾರ್ಲೆಗಳು ಲಕ್ಷಗಟ್ಟಲೆ ಗೂಡು ಕಟ್ಟಿದ್ದನ್ನು ಬರೆದರು. ಇಪ್ಪತ್ತನೇ ಶತಮಾನದ ನಡುಭಾಗ ಬರುವ ಹೊತ್ತಿಗೆ ಆ ನೆಲೆ ಪೂರ್ತಿ ಅಳಿದುಹೋಗಿತ್ತು. ಓಟ್ಸ್ ಬರೆಯದೇ ಇದ್ದಿದ್ದರೆ ಅಳಿದದ್ದು ಎಷ್ಟು ಅನ್ನೋದೂ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ನಮ್ಮ ಕಡೆಯೂ ಬರವಣಿಗೆಯಿಂದ ಕೆಲಸವಾದದ್ದುಂಟು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಅರಮನೆಯ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅಲ್ಲಿಂದ ಬೆಳ್ಳೂರು ಹೆಚ್ಚು ದೂರವಿಲ್ಲ. ಆದರೂ ಬೆಳ್ಳೂರಿನ ಸರದಿ ಬರಲು ಇನ್ನೂ 36 ವರ್ಷ ಬೇಕಾಯಿತು.

ಆ ನಡುವೆ ಹಕ್ಕಿ ನೋಡುವ ಹವ್ಯಾಸವೂ ಬದಲಾಯಿತು. ಒಂದು ಕಾಲಕ್ಕೆ ದೊಡ್ಡವರು ಕಾಡಿಗೆ ಹೋಗುತ್ತಿದ್ದದ್ದು ಷಿಕಾರಿಗೆ. ಆಮೇಲೆ ಕೋವಿಯ ಜಾಗಕ್ಕೆ ದುರ್ಬೀನು ಬಂತು. ಜಾಫರ್ ಫತೇಹಳ್ಳಿ ಬೊಂಬಾಯಿಯಿಂದ ಪಕ್ಷಿವೀಕ್ಷಕರಿಗಾಗಿಯೇ ಒಂದು ಸಣ್ಣ ಪತ್ರಿಕೆ ಶುರುಮಾಡಿದರು. ತಮ್ಮ ಹಿತ್ತಲಲ್ಲಿ, ಕೆರೆ ಏರಿಯ ಮೇಲೆ ಕಂಡದ್ದನ್ನು ಓದುಗರೇ ಅದಕ್ಕೆ ಬರೆದು ಕಳಿಸುತ್ತಿದ್ದರು. ಬೆಂಗಳೂರಿನಲ್ಲೂ ಹಕ್ಕಿ ನೋಡುವವರ ಬಳಗವೊಂದು ಹುಟ್ಟಿ, ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸೇರುವ ರೂಢಿ ಬೆಳೆಯಿತು. ಇದೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯಿತು, ಪೇಟೆಯವರ ನಡುವೆಯೇ ನಡೆಯಿತು. ಮರದ ಕೆಳಗಿದ್ದವರ ಮಾತು ಅಲ್ಲಿಗೆ ತಲುಪಿದ್ದು ಕಡಿಮೆ.

ಬೆಳ್ಳೂರಿನವರ ಹತ್ತಿರ ಇರೋ ಚರಿತ್ರೆಯೇ ಬೇರೆ. ಅವರ ಪ್ರಕಾರ ಹಳೆಯ ಊರು ಇದ್ದದ್ದು ಶಿಂಷಾ ಹೊಳೆಯ ದಡದಲ್ಲಿ. 1916ರಲ್ಲಿ ಪ್ಲೇಗು ಬಂತು. ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದು ಮನೆ ಕಟ್ಟಿದರು. ಹಕ್ಕಿಗಳೂ ಹಿಂದೆಯೇ ಬಂದವು. ಅವು ಬಂದರೆ ಊರಿಗೆ ಮಳೆ, ಬೆಳೆ, ಒಳ್ಳೆಯದು. ತವರಿಗೆ ಬಾಣಂತನಕ್ಕೆ ಬಂದ ಮಗಳನ್ನು ಯಾರಾದರೂ ಓಡಿಸುತ್ತಾರಾ?

ಹಾಗಂತ ಇದು ಬರೀ ಭಕ್ತಿಯಲ್ಲ, ಲೆಕ್ಕವೂ ಇದೆ. ಮರದ ಕೆಳಗೆ ಗುಂಡಿ ತೋಡಿ ಕೆರೆಗೋಡು ಹಾಕಿಡುತ್ತಿದ್ದರು. ಮೇಲಿಂದ ಬೀಳುವ ಹಿಕ್ಕೆ ಅದರಲ್ಲಿ ಬೆರೆತು ಒಳ್ಳೆಯ ಗೊಬ್ಬರವಾಗಿ ಹೊಲ ಸೇರುತ್ತಿತ್ತು. ನಷ್ಟವೂ ಕಡಿಮೆಯಲ್ಲ. ಹುಣಸೆ ಬಡಿಯುವ ಕಾಲಕ್ಕೇ ಮರದ ತುಂಬ ಮರಿಗಳು. ಕೋಲು ಎತ್ತಿದರೆ ಗೂಡು ಬೀಳುತ್ತದೆ, ಎತ್ತದಿದ್ದರೆ ಹಣ್ಣು ಹೋಗುತ್ತದೆ. ಎಷ್ಟೋ ಮನೆಯವರು ಹಣ್ಣನ್ನೇ ಬಿಟ್ಟರು. ಹುಣಸೆಯ ರೇಟು ಗೊತ್ತಿದ್ದವರಿಗೆ ಅದು ಎಂಥ ಬಿಡುವಿಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲೇ ನಾವು ನೇಗಿನಹಾಳರ ಲೇಖನವನ್ನು ಇನ್ನೊಂದು ಸಲ ಓದಿದ್ದು. ಅದು ಬಂದಮೇಲೆ ಸರ್ಕಾರಕ್ಕೆ ಬೆಳ್ಳೂರು ಕಂಡಿತು. ಅವರ ಪ್ರಯತ್ನದಿಂದ ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ‘ಶೋಧ’ ಅನ್ನೋ ಪದ ಈಗಲೂ ನಮಗೆ ಒಪ್ಪಿಗೆಯಿಲ್ಲ. ಆದರೆ ಅದು ಅಚ್ಚಾಗದೇ ಇದ್ದಿದ್ದರೆ ಹಣ್ಣು ಬಿಟ್ಟವರನ್ನು ಕೇಳುವವರೇ ಇರುತ್ತಿರಲಿಲ್ಲ, ಇದನ್ನೂ ಹೇಳಲೇಬೇಕು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿಗಳು ಊರಿನ ಯುವಕರ ಜೊತೆ ಸೇರಿದರು. ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ತಂದು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತಮೇಲೆ ಬಿಡುವ ಕೆಲಸ. ಫೋಟೋ ಹೊಡೆದುಕೊಂಡು ಹೋಗುವವರು ಬೇಕಾದಷ್ಟಿದ್ದರು, ಮೀನು ತರುವವರು ಬೇಕಿತ್ತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು.

2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಸಾಯತೊಡಗಿದವು, 2018ರಲ್ಲೂ ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ಈ ಹುಳು ಹಕ್ಕಿಗೆ ಬರೋದು ತಿನ್ನುವ ಮೀನಿನಿಂದ, ಅಂದರೆ ಕೆರೆಯಿಂದ. ಬೆಳ್ಳೂರಿನ ಹಕ್ಕಿ ಮೇಯೋದು ಬೆಳ್ಳೂರಿನಲ್ಲಲ್ಲ. ತೈಲೂರು ಕೆರೆ, ಮದ್ದೂರು ಕೆರೆ, ಹೀಗೆ ಸುತ್ತಲಿನ ನೀರಿನಲ್ಲಿ. ಮರ ಉಳಿಸಿದ ಊರಿನ ಕೈಯಲ್ಲಿ ಕೆರೆಗಳಿಲ್ಲ.

ಕೆರೆ ಒಣಗಿದ ವರ್ಷ ಹಕ್ಕಿ ಕಡಿಮೆ ಬರುತ್ತವೆ, ಬಂದವೂ ಬೇಗ ಹೋಗುತ್ತವೆ. ಯಾವ ವರ್ಷ ತಡವಾಗಿ ಬಂದವು, ಯಾವ ಮರ ಬಿದ್ದಮೇಲೆ ಯಾವ ಮರಕ್ಕೆ ಹೋದವು ಅನ್ನೋದು ಊರಿನ ಹಿರಿಯರ ಬಾಯಲ್ಲಿದೆ. ನಾವು ಎರಡನೇ ಸಲ ಹೋದಾಗ ಕ್ಯಾಮೆರಾ ಬಿಟ್ಟು ನೋಟ್‌ಬುಕ್ ತೆಗೆದುಕೊಂಡು ಹೋದೆವು. ಮರದ ಹೆಸರು, ಯಾರ ಹಿತ್ತಲು, ಯಾವ ಬರಗಾಲ, ಹೀಗೆ ಕೇಳಿ ಕೇಳಿ ಬರೆದುಕೊಂಡೆವು. ಸದ್ಯಕ್ಕೆ ಮೂರು ಪುಟ ಆಗಿದೆ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದಾಗ ಒಬ್ಬ ಅಜ್ಜಿ, ‘ಇನ್ನೂ ಹೊಳೆ ದಡದ ಹಳೇ ಊರಿನ ಮರದ ವಿಷ್ಯನೇ ಹೇಳಿಲ್ಲ, ಮತ್ತೆ ಬನ್ನಿ’ ಅಂದರು. ಮುಂದಿನ ತಿಂಗಳು ಹೋಗುತ್ತಿದ್ದೇವೆ.