ಮೂರು ಬೋಗಿ ಉದ್ದದ ಕೆಂಪು ಹಡಗು

ಹಡಗುಗಳ ಇತಿಹಾಸ ಓದುವಾಗ ನನ್ನ ಗಮನ ಕಪ್ತಾನರ ಸಾಹಸಕ್ಕಿಂತ ಹೆಚ್ಚಾಗಿ ದಿನಚರಿಯ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಹಗಲಿಡೀ ಏನು ನೋಡುತ್ತಿದ್ದರು, ರಾತ್ರಿ ಮಲಗುವ ಮುಂಚೆ ಏನು ಮಾತಾಡಿಕೊಳ್ಳುತ್ತಿದ್ದರು ಎಂದು ತಿಳಿದರೆ ಆ ಹಡಗು ಯಾತಕ್ಕಾಗಿ ಹೊರಟಿತ್ತು ಎಂಬುದು ಅರ್ಥವಾಗುತ್ತದೆ. ಅಂಟಾರ್ಕ್ಟಿಕಾಕ್ಕೆ ಹೋಗುವ ಪ್ರವಾಸಿಗರಿಗೆ ಇಂಥದೊಂದು ದಿನಚರಿ ರೂಢಿಸಿದ ಪುಟ್ಟ ಹಡಗಿನ ಕತೆ ಇಲ್ಲಿದೆ.

ಆ ಖಂಡಕ್ಕೆ ಟಿಕೆಟ್ ಕೊಂಡು ಹೋದವರು 1950ರ ದಶಕದ ಕೊನೆಯಲ್ಲೇ ಇದ್ದರು. ಅರ್ಜೆಂಟೀನಾ ಮತ್ತು ಚಿಲಿಯ ಹಡಗುಗಳು ಕೆಲವು ನೂರು ಜನರನ್ನು ಅತ್ತ ಕರೆದೊಯ್ದಿದ್ದವು. ಆದರೆ ಈ ಪ್ರಯಾಣಕ್ಕೆ ಒಂದು ಕ್ರಮ ಹಾಕಿಕೊಟ್ಟವನು ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆನಿಂತ ಪ್ರವಾಸ ವ್ಯವಸ್ಥಾಪಕ ಅವನು. 1966ರ ಜನವರಿಯಲ್ಲಿ ಅರ್ಜೆಂಟೀನಾ ನೌಕಾಪಡೆಯ ಹಡಗನ್ನು ಬಾಡಿಗೆಗೆ ಹಿಡಿದು 57 ಮಂದಿಯನ್ನು ಅಂಟಾರ್ಕ್ಟಿಕಾಕ್ಕೆ ಕರೆದುಕೊಂಡು ಹೋದ. ಮೂರು ವರ್ಷಗಳ ನಂತರ, 1969ರಲ್ಲಿ, ಇದೇ ಕೆಲಸಕ್ಕೆಂದು ಫಿನ್ಲೆಂಡಿನಲ್ಲಿ ಹಡಗೊಂದನ್ನು ಕಟ್ಟಿಸಿದ. ಅದರ ಹೆಸರು ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’. ಉದ್ದ ಸುಮಾರು 73 ಮೀಟರ್, ಅಂದರೆ ನಮ್ಮ ಮೂರು ರೈಲು ಬೋಗಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು. ಹಿಮದ ತುಂಡುಗಳ ನಡುವೆ ಸಾಗಲೆಂದು ಗಟ್ಟಿಮಾಡಿದ ಒಡಲು, ಅದಕ್ಕೆ ಕೆಂಪು ಬಣ್ಣ, ಒಳಗೆ ನೂರರ ಆಸುಪಾಸು ಪ್ರವಾಸಿಗರು.

ಈ ಹಡಗಿನ ಜೊತೆ ಬಳಕೆಗೆ ಬಂದ ಮುಖ್ಯ ಸಲಕರಣೆ ಎಂದರೆ ಜೋಡಿಯಾಕ್ ಎಂಬ ಗಾಳಿ ತುಂಬಿದ ರಬ್ಬರ್ ದೋಣಿ. ಬಂದರಿಲ್ಲದ ದಡದಲ್ಲಿ, ಕಲ್ಲುಗಳ ನಡುವೆ ಹತ್ತು ಹನ್ನೆರಡು ಜನರನ್ನು ಇಳಿಸಲು ಅದು ಹೇಳಿ ಮಾಡಿಸಿದಂತಿತ್ತು. ಅದು ಸಿಕ್ಕಮೇಲೆ ಪ್ರವಾಸವೆಂದರೆ ಡೆಕ್ಕಿನ ಮೇಲೆ ನಿಂತು ದೂರದಿಂದ ಬೆಟ್ಟ ನೋಡುವುದಷ್ಟೇ ಆಗಿ ಉಳಿಯಲಿಲ್ಲ, ನೆಲಕ್ಕೆ ಕಾಲಿಡಬಹುದಾಯಿತು.

ಇಂದಿಗೂ ಇಂಥ ಹಡಗುಗಳ ದಿನ ಹೆಚ್ಚುಕಡಿಮೆ ಅದೇ ಅಚ್ಚಿನಲ್ಲಿದೆ. ದಕ್ಷಿಣ ಅಮೆರಿಕದ ತುದಿಯಿಂದ ಹೊರಟರೆ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಅಲೆಯೆದ್ದರೆ ತಟ್ಟೆ ಲೋಟ ಮೇಜಿನ ಮೇಲೆ ನಿಲ್ಲುವುದಿಲ್ಲ, ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಬೇಕು. ಈ ಎರಡು ದಿನ ಪಾಠಗಳಿರುತ್ತವೆ: ಹಿಮದ ಬಗ್ಗೆ, ಹಕ್ಕಿಗಳ ಬಗ್ಗೆ, ಹಿಂದೆ ಬಂದು ಹೋದವರ ಬಗ್ಗೆ. ದಡ ಹತ್ತಿರವಾದಾಗ ಮೇಲಂಗಿಯ ಜೇಬು, ಚೀಲದ ಹೊಲಿಗೆ, ಬೂಟಿನ ಅಡಿಯನ್ನೆಲ್ಲ ಉಜ್ಜಿ ಶುಚಿ ಮಾಡಿಕೊಳ್ಳಬೇಕು. ಬೇರೆ ಊರಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು ಎಂಬ ಎಚ್ಚರ ಅದು. ಇಳಿದ ಮೇಲೆ ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಅದು ನಡೆದು ಮಾಡಿಕೊಂಡ ದಾರಿಗೆ ಅಡ್ಡ ಹೋಗಬಾರದು. ಹಿಮದಲ್ಲಿ ನಿಮ್ಮ ಕಾಲು ಹೂತು ಗುಂಡಿಯಾದರೆ ಅದನ್ನು ಮುಚ್ಚಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಪೆಂಗ್ವಿನ್ ಅದರಲ್ಲಿ ಸಿಕ್ಕಿಕೊಳ್ಳಬಹುದು. ಸಂಜೆ ಎಲ್ಲರೂ ಒಂದೆಡೆ ಕುಳಿತು ಅಂದು ಕಂಡದ್ದನ್ನು ಮೆಲುಕು ಹಾಕುತ್ತಾರೆ. ಹಕ್ಕಿಯ ಹಿಕ್ಕೆ ಯಾಕೆ ಗುಲಾಬಿ ಬಣ್ಣ ಎಂದು ಯಾರಾದರೂ ಕೇಳಿದರೆ, ಅದು ತಿನ್ನುವ ಕ್ರಿಲ್ ಎಂಬ ಸಿಗಡಿಯಂಥ ಜೀವಿಯ ಬಣ್ಣ ಎಂಬ ಉತ್ತರ ಸಿಗುತ್ತದೆ.

ಲಿಂಡ್‌ಬ್ಲಾಡ್‌ನ ಹಡಗಿನಲ್ಲಿ ಹೀಗೆ ಪಾಠ ಹೇಳಿದವರಲ್ಲಿ ಪೀಟರ್ ಸ್ಕಾಟ್ ಒಬ್ಬರು. ಅವರು ಪಕ್ಷಿತಜ್ಞ, ಚಿತ್ರಕಾರ, ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರಲ್ಲಿ ಒಬ್ಬರು. ಆ ಸಂಸ್ಥೆಯ ಪಾಂಡಾ ಚಿಹ್ನೆ ಬರೆದವರೂ ಅವರೇ. ಅವರ ತಂದೆ ಕ್ಯಾಪ್ಟನ್ ರಾಬರ್ಟ್ ಫಾಲ್ಕನ್ ಸ್ಕಾಟ್. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಹಸಿವು ಮತ್ತು ಚಳಿಯಿಂದ ಗುಡಾರದಲ್ಲೇ ತೀರಿಕೊಂಡವರು. ಆಗ ಮಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಸಾಯುವ ಮುಂಚೆ ಹೆಂಡತಿಗೆ ಬರೆದ ಪತ್ರದಲ್ಲಿ, ಸಾಧ್ಯವಾದರೆ ಹುಡುಗನಿಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿಸು ಎಂದು ತಂದೆ ಕೇಳಿಕೊಂಡಿದ್ದರು.

ಆ ಗುಡಾರದ ಬಳಿ ಶವಗಳ ಜೊತೆಗೆ ಸುಮಾರು 16 ಕಿಲೋ ಕಲ್ಲುಗಳೂ ಸಿಕ್ಕವು. ಕೈಲಾಗದ ಸ್ಥಿತಿಯಲ್ಲೂ ಅವರು ಅವನ್ನು ಎಸೆಯದೆ ಎಳೆದು ತಂದಿದ್ದರು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಗಿಡದ ಎಲೆಗಳ ಪಳೆಯುಳಿಕೆಗಳಿದ್ದವು. ಅದೇ ಗಿಡದ ಗುರುತು ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ. ಭಾರತ ಮತ್ತು ಅಂಟಾರ್ಕ್ಟಿಕಾ ಒಮ್ಮೆ ಗೊಂಡ್ವಾನಾ ಎಂಬ ಒಂದೇ ಭೂಭಾಗವಾಗಿದ್ದವು ಎನ್ನಲು ಇರುವ ಸಾಕ್ಷ್ಯಗಳಲ್ಲಿ ಅದೂ ಒಂದು. ತಂದೆಯ ಕಾಲಕ್ಕೆ ಶೋಧವೆಂದರೆ ಕಲ್ಲು ಹೊತ್ತು ತರುವುದು. ಇಂದು ಅಲ್ಲಿಗೆ ಹೋಗುವ ಪ್ರವಾಸಿ ಒಂದು ಬೆಣಚುಕಲ್ಲನ್ನೂ ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಜೆಂಟೂ ಪೆಂಗ್ವಿನ್‌ಗಳು ಗೂಡು ಕಟ್ಟುವುದು ಅವೇ ಕಲ್ಲುಗಳಿಂದ, ಒಳ್ಳೆಯ ಕಲ್ಲಿಗಾಗಿ ಅವು ಪಕ್ಕದ ಗೂಡಿನಿಂದ ಕದಿಯುವುದೂ ಉಂಟು.

ಕಲ್ಲು ತರದಿದ್ದರೂ ಈ ಹಡಗುಗಳು ಬರಿಗೈಲಿ ಮರಳಿಲ್ಲ. 1994ರಿಂದ ಓಷಿಯಾನೈಟ್ಸ್ ಎಂಬ ಸಂಸ್ಥೆಯ ಎಣಿಕೆಗಾರರು ಪ್ರವಾಸಿ ಹಡಗುಗಳಲ್ಲೇ ಜಾಗ ಪಡೆದು ಹೋಗಿ ಪೆಂಗ್ವಿನ್ ಗೂಡುಗಳನ್ನು ಎಣಿಸುತ್ತಿದ್ದಾರೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದಲ್ಲಿ ಅಡೆಲಿ ಮತ್ತು ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು ಕಡಿಮೆಯಾಗುತ್ತಿವೆ, ಜೆಂಟೂಗಳು ಹೆಚ್ಚಿ ಇನ್ನೂ ದಕ್ಷಿಣಕ್ಕೆ ಹರಡುತ್ತಿವೆ ಎಂಬುದನ್ನು ವರ್ಷ ವರ್ಷದ ಇಂಥ ಎಣಿಕೆಗಳೇ ತೋರಿಸಿಕೊಟ್ಟವು. ಹಂಪ್‌ಬ್ಯಾಕ್ ತಿಮಿಂಗಿಲದ ಬಾಲದ ಅಡಿಯಲ್ಲಿರುವ ಕಪ್ಪು ಬಿಳಿ ಮಚ್ಚೆಗಳು ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಪ್ರವಾಸಿಗರು ತೆಗೆದ ಬಾಲದ ಚಿತ್ರಗಳನ್ನು ಹೊಂದಿಸಿ, ಇಲ್ಲಿ ಕಂಡ ತಿಮಿಂಗಿಲ ಮರಿ ಹಾಕಲು ಯಾವ ಬೆಚ್ಚನೆಯ ಕಡಲಿಗೆ ಹೋಯಿತು ಎಂದು ಈಗ ಪತ್ತೆ ಹಚ್ಚುತ್ತಾರೆ.

ಇಷ್ಟಾದರೂ ಲೆಕ್ಕದ ಇನ್ನೊಂದು ಬದಿಯಿದೆ. 1991ರಲ್ಲಿ ಏಳು ಪ್ರವಾಸಿ ಕಂಪನಿಗಳು ಸೇರಿ ಒಂದು ಸಂಘ ಕಟ್ಟಿಕೊಂಡು ತಮಗೆ ತಾವೇ ನಿಯಮ ಹಾಕಿಕೊಂಡವು. ಒಂದು ಜಾಗದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯಬಾರದು, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸಬಾರದು ಎಂಬುದು ಈಗಿನ ಕಟ್ಟಳೆ. ಆಗ ಒಂದು ಋತುವಿಗೆ ಕೆಲವು ಸಾವಿರ ಜನ ಹೋಗುತ್ತಿದ್ದರು, ಈಗ ಆ ಸಂಖ್ಯೆ ಒಂದು ಲಕ್ಷ ದಾಟಿದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಡಗುಗಳ ಹೊಗೆಯ ಮಸಿ ಹಿಮದ ಮೇಲೆ ಕೂತು ಅದು ಬೇಗ ಕರಗುವುದನ್ನು ಲೆಕ್ಕ ಹಾಕಿತು. ಒಬ್ಬ ಪ್ರವಾಸಿಯ ಪಾಲಿಗೆ ಬಂದದ್ದು ಸುಮಾರು 83 ಟನ್ ಹಿಮ. ಬೂಟು ತೊಳೆದು ಇಳಿದವನ ಪಾಲಿಗೂ ಅಷ್ಟೇ.

ಕೆಂಪು ಹಡಗಿನ ಕಡೆಯ ದಿನಗಳನ್ನೂ ಹೇಳಬೇಕು. 1972ರಲ್ಲಿ ಅಂಟಾರ್ಕ್ಟಿಕಾದಲ್ಲೇ ಬಂಡೆಗಳ ಮೇಲೆ ಹತ್ತಿ ನಿಂತಾಗ ಚಿಲಿಯ ನೌಕಾಪಡೆ ಪ್ರಯಾಣಿಕರನ್ನು ಪಾರು ಮಾಡಿತ್ತು. 1984ರಲ್ಲಿ ಕೆನಡಾದ ಉತ್ತರಕ್ಕಿರುವ ವಾಯವ್ಯ ಜಲಮಾರ್ಗವನ್ನು ದಾಟಿದ ಮೊದಲ ಪ್ರಯಾಣಿಕ ಹಡಗು ಎಂಬ ಹೆಸರು ಪಡೆಯಿತು. ಆಮೇಲೆ ಒಡೆಯರು ಬದಲಾದರು, ಹೆಸರು ಬರೀ ‘ಎಕ್ಸ್‌ಪ್ಲೋರರ್’ ಎಂದಾಯಿತು. 2007ರ ನವೆಂಬರ್ 23ರಂದು ದಕ್ಷಿಣ ಶೆಟ್ಲೆಂಡ್ ದ್ವೀಪಗಳ ಹತ್ತಿರ ಹಿಮಕ್ಕೆ ಬಡಿದು ಒಡಲಿಗೆ ನೀರು ನುಗ್ಗಿತು. ಒಳಗಿದ್ದ 154 ಜನರೂ ಕೆಲವು ಗಂಟೆ ಚಳಿಯಲ್ಲಿ ದೋಣಿಗಳಲ್ಲಿ ಕಾದರು. ನಾರ್ವೆಯ ಪ್ರವಾಸಿ ಹಡಗು ‘ನೂರ್‌ನೋರ್ಗೆ’ ಬಂದು ಎಲ್ಲರನ್ನೂ ಹತ್ತಿಸಿಕೊಂಡಿತು. ಒಬ್ಬರೂ ಸಾಯಲಿಲ್ಲ. ಹಡಗು ಮಾತ್ರ ಟ್ಯಾಂಕಿನ ಡೀಸೆಲ್ ಸಮೇತ ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಯಾವ ಗುರುತನ್ನೂ ಬಿಟ್ಟು ಬರಬಾರದೆಂದು ಕಲಿಸುತ್ತಿದ್ದ ಹಡಗು ತಾನೇ ಅಲ್ಲಿ ಉಳಿದುಹೋಯಿತು.

ಹಾಗಾದರೆ ಲಿಂಡ್‌ಬ್ಲಾಡ್ ಮಾಡಿದ್ದು ಸರಿಯೇ? ನೋಡಿದವರು ಕಾಪಾಡುತ್ತಾರೆ ಎಂಬುದು ಅವನ ನಂಬಿಕೆಯಾಗಿತ್ತು. 57 ಜನರ ಕಾಲಕ್ಕೆ ಆ ನಂಬಿಕೆ ನಿಜವಾಗಿತ್ತು ಎಂದೇ ನನಗನಿಸುತ್ತದೆ. ಪೀಟರ್ ಸ್ಕಾಟರಂಥವರ ಪಕ್ಕ ನಿಂತು ಹಕ್ಕಿ ನೋಡಿದ ಮನುಷ್ಯ ಮನೆಗೆ ಮರಳಿದ ಮೇಲೂ ಆ ಹಕ್ಕಿಯ ಬಗ್ಗೆ ಮಾತಾಡುತ್ತಾನೆ. ಆದರೆ ಹಡಗು ಚಿಕ್ಕದಾಗಿದ್ದರೆ ಸಾಲದು, ಹಡಗುಗಳ ಸಾಲೂ ಚಿಕ್ಕದಾಗಿರಬೇಕಿತ್ತು. ಒಂದು ದಡದಲ್ಲಿ ಒಮ್ಮೆಗೆ ಎಷ್ಟು ಜನ ಎಂದು ಸಂಘ ಹೇಳಿತು, ಒಂದು ವರ್ಷಕ್ಕೆ ಒಟ್ಟು ಎಷ್ಟು ಎಂದು ಹೇಳುವ ಮಿತಿ ಇನ್ನೂ ಬಂದಿಲ್ಲ. ಆ ಹಡಗುಗಳು ಎಣಿಸಿ ತಂದ ಪೆಂಗ್ವಿನ್ ಲೆಕ್ಕದ ಪಕ್ಕದಲ್ಲಿ ಪ್ರವಾಸಿಗರ ಲೆಕ್ಕವನ್ನೂ ಇಟ್ಟು ನೋಡಿದರೆ, ಆ ಮಿತಿಯನ್ನು ಇನ್ನು ತಡಮಾಡದೆ ಹಾಕಬೇಕು ಎಂದೇ ನನ್ನ ಅಭಿಪ್ರಾಯ.